ಸುಟ್ಟ ಕಬ್ಬಿಗೆ ಪಾಳಿ ಇಲ್ಲ

ಒಬ್ಬನೇ ಬಂದವನಿಗೆ ಕೋಣೆ ಕೊಡುವುದಿಲ್ಲ ಎಂದು ಗೋಕರ್ಣದ ಎರಡನೆಯ ಲಾಡ್ಜಿನವನೂ ಹೇಳಿದಾಗ ನಿಂಗರಾಜನಿಗೆ ಸಿಟ್ಟಿಗಿಂತ ಮೊದಲು ಬಂದದ್ದು ನಾಚಿಕೆ. ಕೌಂಟರಿನ ಹಿಂದೆ ಕುಳಿತವನು ಒರಟಾಗಿ ಮಾತಾಡಿರಲಿಲ್ಲ. ಆಧಾರ್ ಕಾರ್ಡನ್ನು ತಿರುಗಿಸಿ ನೋಡಿ, ಬೈಲಹೊಂಗಲ ಎಂದು ಓದಿ, ಇವನ ಭುಜದ ಮೇಲಿಂದ ಬಾಗಿಲಿನತ್ತ ಕಣ್ಣು ಹಾಯಿಸಿ, ಹಿಂದೆ ಯಾರೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಕಾರ್ಡನ್ನು ಮರಳಿ ಸರಿಸಿದ್ದ. "ಬೇಜಾರ್ ಮಾಡ್ಕೊಳ್ಬೇಡಿ ಸರ್. ಫ್ಯಾಮಿಲಿ ಇದ್ರೆ ಕೊಡ್ತಿದ್ದೆ" ಎಂದ. ನಿಂಗರಾಜ "ಇರ್ಲಿ ಬಿಡ್ರಿ" ಎಂದು, ತಪ್ಪು ತನ್ನದೇ ಎಂಬಂತೆ ನಕ್ಕು ಹೊರಗೆ ಬಂದ. ರಸ್ತೆಯಲ್ಲಿ ನಿಂತ ಮೇಲೆ ಆ ನಗೆಯ ಬಗ್ಗೆ ಸಿಟ್ಟು ಬಂತು. ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್ ಆಗಿ, ಯಾರ ಹೊಲದ ಕಬ್ಬು ಯಾವಾಗ ಕಡಿಯಬೇಕು, ಕಡಿಯುವವರ ಯಾವ ಟೋಳಿ ಯಾವ ಹೊಲಕ್ಕೆ ಇಳಿಯಬೇಕು ಎಂದು ಗೊತ್ತುಮಾಡುವ ಕೆಲಸದಲ್ಲಿ, ಇಂಥ ಮಾತನ್ನು ಅವನೇ ಎಷ್ಟೋ ಜನರಿಗೆ ಹೇಳಿದ್ದ. ಬ್ಯಾಸರ ಮಾಡ್ಕೋಬ್ಯಾಡ್ರಿ, ಪಾಳಿ ಬಂದ್ರ ನಾನ ಫೋನ್ ಮಾಡ್ತೇನಿ. ಅವರೂ ಹೀಗೇ ನಕ್ಕು ಹೊರಗೆ ಹೋಗಿದ್ದರು. ಹೊರಗೆ ಹೋದ ಮೇಲೆ ಅವರ ಮುಖ ಏನಾಗುತ್ತಿತ್ತೆಂದು ಅವನು ನೋಡಿರಲಿಲ್ಲ.

ಲಾಡ್ಜಿನವರ ಅಂಜಿಕೆ ಏನೆಂಬುದು ಅವನಿಗೆ ತಿಳಿದದ್ದು ಕುಡ್ಲೆ ಬೀಚಿಗೆ ಇಳಿದ ಮೇಲೆ. ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲುಗಳ ಕೆಳಗೆ, ತೆಂಗಿನ ಮರಗಳ ನಡುವೆ ಸಾಲಾಗಿ ಗುಡಿಸಲು ಕಟ್ಟಿಸಿ ಬಾಡಿಗೆಗೆ ಕೊಡುತ್ತಿದ್ದ ಮಂಕಾಳಿ ಎಂಬವನು ಸುತ್ತುಬಳಸದೆ ಹೇಳಿಬಿಟ್ಟ. "ಒಬ್ರೇ ಬಂದವ್ರು ಅಂದ್ರೆ ನಮಗೆ ಹೆದ್ರಿಕೆ ಮಾರಾಯ್ರೆ. ಬಟ್ಟೆ ಇಲ್ಲಿಟ್ಟು ನೀರಿಗೆ ಹೋಗ್ತಾರೆ, ಆಮೇಲೆ ಪೊಲೀಸ್ ಸ್ಟೇಷನ್ನಿಗೆ ಓಡಾಡೂದು ನಾನು. ಮನೆ ನಂಬರ್ ಕೊಡಿ, ಮಾತಾಡ್ತೆ. ಆಮೇಲೆ ಕೀಲಿಕೈ." ನಂಬರು ಕೊಡದೆ ವಿಧಿಯಿರಲಿಲ್ಲ. ಮಂಕಾಳಿ ಸ್ಪೀಕರ್ ಹಾಕಿಯೇ ಮಾತಾಡಿದ. ಪಕ್ಕದ ಮೇಜಿನಲ್ಲಿ ಆಮ್ಲೆಟ್ ತಿನ್ನುತ್ತಿದ್ದ ಹುಡುಗ ಹುಡುಗಿಯರು ಕೇಳಿಸಿಕೊಳ್ಳದವರಂತೆ ಕೇಳಿಸಿಕೊಂಡರು.

"ಅಮ್ಮಾ, ನಿಮ್ಮ ಯಜಮಾನ್ರು ಒಬ್ರೇ ಇಲ್ಲಿಗೆ ಬಂದಿದ್ರು. ಮನೇಲಿ ಎಂತಾದ್ರೂ ಜಗಳವಾ?"

"ಜಗಳಾಡಾಕ ಅವ್ರು ಮನ್ಯಾಗ ಎಲ್ಲಿ ಇರ್ತಾರ್ರಿ?" ಎಂದಳು ಮೀನಾ. ಹಿಂದೆ ಕುಕ್ಕರಿನ ಸೀಟಿ ಕೇಳಿಸಿತು. "ಕಬ್ಬಿನ ಸೀಜನ್ ಮುಗಿಯೂತನಕ ಅವ್ರು ನಮ್ಮ ಮನಿಗೆ ಬೀಗರು ಬಂದಂಗ ಬಂದು ಹೋಗ್ತಾರ. ನಾನ ಹೋಗಿ ಬರ್ರಿ ಅಂದೇನಿ."

"ಅಲ್ಲ, ನೀರಿಗೆ ಗೀರಿಗೆ ಬೀಳೂ ವಿಚಾರ..."

"ಅವ್ರಾ? ಹಲ್ಲು ನೂಸಿದ್ರ ಮೂರು ಡಾಕ್ಟರ್ ಕಡೆ ತೋರಿಸಿ ಬರೂ ಮಂದಿರಿ ಅವ್ರು. ಜೀವದ ಮ್ಯಾಲ ಭಾಳ ಪ್ರೀತಿ ಐತಿ. ರೂಮ್ ಕೊಡ್ರಿ, ಏನೂ ಮಾಡ್ಕೊಳ್ಳೂದಿಲ್ಲ. ಮತ್ತ ಊಟಕ್ಕ ಉಪ್ಪು ಕಡಿಮಿ ಹಾಕ್ರಿ, ಬಿ.ಪಿ. ಐತಿ."

ಆಮ್ಲೆಟ್ಟಿನ ಮೇಜಿನಿಂದ ಯಾರೋ ನಕ್ಕರು. ಮಂಕಾಳಿ ಕೀಲಿಕೈ ಕೊಟ್ಟ. ಒಳಗೆ ಒಂದು ಮಂಚ, ಸೊಳ್ಳೆ ಪರದೆ, ಗೋಡೆಗೆ ಒಂದು ಪ್ಲಗ್ಗು. ನಿಂಗರಾಜ ಮೊದಲು ಮಾಡಿದ ಕೆಲಸ ಫೋನನ್ನು ಚಾರ್ಜಿಗೆ ಹಾಕಿದ್ದು. ಹಾಕಿದ ಮೇಲೆ, ಆರಾಮ ಮಾಡಲು ಬಂದವನಿಗೆ ಫೋನ್ ಯಾಕೆ ಎಂದು ತೆಗೆದು ದಿಂಬಿನ ಕೆಳಗಿಟ್ಟ. ಬೈಲಹೊಂಗಲದ ಪೇಟೆಯಲ್ಲಿ ಕೊಂಡು ತಂದ ಬರ್ಮುಡಾ ಹಾಕಿಕೊಂಡ. ಕನ್ನಡಿ ಇರಲಿಲ್ಲ, ಆದರೂ ತನ್ನ ಕಾಲುಗಳು ಮೊಣಕಾಲಿನ ಕೆಳಗೆ ಇಷ್ಟು ಬೆಳ್ಳಗಿವೆ, ಮುಖ ಮತ್ತು ಕೈಗಳು ಬೇರೊಬ್ಬನವು ಎಂಬಷ್ಟು ಕಪ್ಪಾಗಿವೆ ಎಂದು ಅವನಿಗೆ ಕಂಡಿತು. ಹೊರಗೆ ಹೊರಟವನು ಮತ್ತೆ ಒಳಗೆ ಬಂದು ದಿಂಬಿನ ಕೆಳಗಿನಿಂದ ಫೋನ್ ತೆಗೆದುಕೊಂಡ. ಕಳವಾದರೆ ಎಂದು ತನಗೇ ಹೇಳಿಕೊಂಡ.

ಮರಳಿನ ಮೇಲೆ ಜನ ಬೇಕೆಂದೇ ಬಿಸಿಲಿಗೆ ಮಲಗಿದ್ದರು. ಇದನ್ನು ಅವನು ಕೇಳಿ ತಿಳಿದಿದ್ದ, ನೋಡಿರಲಿಲ್ಲ. ಬಿಸಿಲೆಂದರೆ ಅವನ ಮಟ್ಟಿಗೆ ಟೊಪ್ಪಿಗೆ ಹಾಕಿಕೊಂಡು ದಾಟಬೇಕಾದದ್ದು, ಬೇವಿನ ಮರ ಸಿಕ್ಕಲ್ಲಿ ಬೈಕು ನಿಲ್ಲಿಸಿ ತಪ್ಪಿಸಿಕೊಳ್ಳಬೇಕಾದದ್ದು. ಒಬ್ಬ ವಿದೇಶಿ ಮುದುಕ ಹೊಟ್ಟೆಯ ಮೇಲೆ ಪುಸ್ತಕ ಕವುಚಿಕೊಂಡು ನಿದ್ದೆ ಹೋಗಿದ್ದ. ಒಬ್ಬಳು ಹೆಂಗಸು ಕಾಲು ಮೇಲೆ ಮಾಡಿ ತಲೆಯ ಮೇಲೆ ನಿಂತಿದ್ದಳು. ನಿಂಗರಾಜ ಮಂಕಾಳಿಯ ಚಾಪೆ ಹಾಸಿಕೊಂಡು ಕುಳಿತ, ಆಮೇಲೆ ಮಲಗಿದ, ಮತ್ತೆ ಎದ್ದು ಕುಳಿತ. ಕಣ್ಣು ತಾನಾಗಿಯೇ ದಂಡೆಯ ಈ ತುದಿಯಿಂದ ಆ ತುದಿಗೆ ಅಳೆಯಲು ಶುರುಮಾಡಿತ್ತು. ಇದು ಹೊಲವಾಗಿದ್ದರೆ ಎಷ್ಟು ಗುಂಟೆ, ಟ್ರ್ಯಾಕ್ಟರ್ ಎಲ್ಲಿಂದ ಒಳಗೆ ಬರಬೇಕು, ತಿರುಗಲು ಜಾಗ ಎಲ್ಲಿದೆ. ಅಲೆ ಬಂದು ಅಳತೆಯನ್ನು ಅಳಿಸುತ್ತಿತ್ತು. ಜನವರಿ ತಿಂಗಳು, ಸೀಜನ್ನಿನ ನಡುಮಧ್ಯ. ದೀಪಾವಳಿಯಿಂದ ಈಚೆಗೆ ಅವನಿಗೆ ಸಿಕ್ಕ ಮೊದಲ ರಜೆ ಇದು, ಶನಿವಾರ ಮತ್ತು ರವಿವಾರ. ಡಾಕ್ಟರು ಬಿ.ಪಿ. ಗುಳಿಗೆ ಬರೆದುಕೊಡುತ್ತ, ಎರಡು ದಿನ ಯಾರ ಫೋನೂ ಎತ್ತದೆ ಎಲ್ಲಾದರೂ ಹೋಗಿ ಬರ್ರಿ ಎಂದಿದ್ದರು. ಆ ಮಾತು ಅವನಿಗೆ ಗುಳಿಗೆಗಿಂತ ಇಷ್ಟವಾಗಿತ್ತು. ಯಾರ ಫೋನೂ ಎತ್ತದೆ. ಡಾಕ್ಟರೇ ಹೇಳಿದ್ದಾರೆ.

ಸಮುದ್ರಾ, ಅದು ಎಲ್ಲಿಗೂ ಓಡಿ ಹೋಗೂದಿಲ್ಲಲ್ರಿ ಎಂದಿದ್ದ, ಪಾಳಿಗೆ ಕಾಯುತ್ತಿದ್ದ ರೈತ ಬಸವಣ್ಣೆಪ್ಪ. ನಿನ್ನೆ ಬೈಲಹೊಂಗಲ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿ. ಭುಜಕ್ಕೆ ಬ್ಯಾಗು ಹಾಕಿಕೊಂಡು ಕಿತ್ತೂರಿನ ಮೇಲೆ ಧಾರವಾಡಕ್ಕೆ ಹೋಗುವ ಬಸ್ಸಿಗೆ ಕಾಯುತ್ತಿದ್ದವನನ್ನು ಬಸವಣ್ಣೆಪ್ಪ ಹಿಡಿದು ನಿಲ್ಲಿಸಿದ್ದ. ಅವನ ಕಬ್ಬು ಹದ ಮೀರಿ ಹೂ ಬಿಟ್ಟಿತ್ತು, ಒಳಗೆ ಬೆಂಡಾಗುತ್ತಿತ್ತು. ಅದು ಸುಳ್ಳಲ್ಲ. "ನನ್ನ ಕಬ್ಬು ನೋಡಾಕ ಬರ್ರಿ ಅಂದ್ರ ಟೈಮ್ ಇಲ್ಲ. ಉಪ್ಪನೀರು ನೋಡಾಕ ಬ್ಯಾಗ್ ಹಾಕ್ಕೊಂಡು ಹೊಂಟೀರಿ. ಅಲ್ಲಿ ಸಮುದ್ರದಾಗೂ ಪಾಳಿ ಹಚ್ತೀರೇನ್ರಿ, ಮೊದಲ ಈ ತೆರಿ ಬರ್ಲಿ, ಆಮ್ಯಾಲ ಆ ತೆರಿ ಬರ್ಲಿ ಅಂತ?" ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಚಹಾ ಸೋಸುತ್ತಿದ್ದವನೂ ನಕ್ಕ. ಇದೇ ಬಸವಣ್ಣೆಪ್ಪ ಚಚಡಿ ಎಂಬ ಊರಿನ ಒಂದು ಮದುವೆಯಲ್ಲಿ, ಪಂಕ್ತಿಯ ನಡುವೆ, ಹೋಳಿಗೆ ಬುಟ್ಟಿ ಹಿಡಿದವನನ್ನು ಕೂಗಿ, ಫೀಲ್ಡ್‌ಮನ್ ಸಾಹೇಬ್ರ ಎಲಿಗೆ ಇನ್ನೆರಡು ಹಾಕ್ರೆಪ್ಪಾ, ಪಾಳಿ ಲಗೂನ ಬರ್ತೈತಿ ಎಂದಿದ್ದ. ಆ ಹೋಳಿಗೆಯನ್ನು ತಿಂದರೆ ಒಂದು ಅರ್ಥ, ಬಿಟ್ಟರೆ ಇನ್ನೊಂದು. ನಿಂಗರಾಜ ಅರ್ಧ ತಿಂದು ಅರ್ಧ ಬಿಟ್ಟು ಎದ್ದಿದ್ದ. ಚಹಾದಂಗಡಿಯ ನಗೆ ಇನ್ನೂ ನಿಂತಿರಲಿಲ್ಲ. ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ಅವನು ಹೇಳಿದ್ದು ಇಷ್ಟೇ.

"ಹಸಿ ಕಬ್ಬಿಗೆ ಪಾಳಿ ಅಂದ್ರ ಪಾಳಿ, ಕಾಕಾ. ಸುಟ್ಟ ಕಬ್ಬಾಗಿದ್ರ ಸೋಮವಾರನ ಟೋಳಿ ಹಚ್ತಿದ್ದೆ. ಸುಟ್ಟ ಕಬ್ಬಿಗೆ ಪಾಳಿ ಇಲ್ಲ."

ಬಸವಣ್ಣೆಪ್ಪ ನಗುವುದನ್ನು ನಿಲ್ಲಿಸಿ ಕಪ್ಪು ಕೆಳಗಿಟ್ಟ. "ಹೌದ್ರಿ?" ಎಂದ. ಬಸ್ಸು ಹೊರಟಿತ್ತು.

ಆ ಮಾತಿನಲ್ಲಿ ಅರ್ಧ ಕಾರ್ಖಾನೆಯ ನಿಯಮವೇ. ಬೆಂಕಿ ಬಿದ್ದ ಕಬ್ಬು ನಿಂತಲ್ಲೇ ತೂಕ ಕಳೆದುಕೊಳ್ಳುತ್ತದೆ, ರಸ ಹುಳಿಯಾಗುತ್ತದೆ. ಅದಕ್ಕೇ ಕಾರ್ಖಾನೆ ದರದಲ್ಲಿ ಸ್ವಲ್ಪ ಹಿಡಿದುಕೊಂಡರೂ ಅದನ್ನು ಪಾಳಿ ಬಿಟ್ಟು ಮೊದಲು ಕಡಿಸುತ್ತದೆ. ಕರೆಂಟಿನ ತಂತಿ ತಾಗಿ ಸುಟ್ಟದ್ದೇ, ಬೀಡಿಯಿಂದ ಸುಟ್ಟದ್ದೇ, ತಾನೇ ಸುಟ್ಟದ್ದೇ ಎಂದು ಯಾರೂ ಆಳವಾಗಿ ಕೇಳುವುದಿಲ್ಲ. ಮಡಿವಾಳೆಪ್ಪ ಎಂಬ ಹಿರಿಯ ಫೀಲ್ಡ್‌ಮನ್ ಹೊಸದಾಗಿ ಸೇರಿದ್ದ ನಿಂಗರಾಜನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊಲ ತೋರಿಸುತ್ತ ಕಲಿಸಿದ ಮೊದಲ ಪಾಠಗಳಲ್ಲಿ ಇದೂ ಒಂದು. "ಬೆಂಕಿ ಹಚ್ರಿ ಅಂತ ಎಂದೂ ಅನಬ್ಯಾಡ. ನಿಯಮ ಅಷ್ಟ ಹೇಳು. ತಿಳಿಯೂವ್ರಿಗೆ ತಿಳೀತೈತಿ. ನಾಳೆ ಏನರ ಆದ್ರ, ನಾ ನಿಯಮ ಹೇಳೇನಿ ಅನ್ನಾಕ ಬರ್ತೈತಿ." ಹೊಲದವರಿಗೂ ಈ ಭಾಷೆ ಗೊತ್ತು. ಫೀಲ್ಡ್‌ಮನ್ ನಿಯಮ ಹೇಳಿದನೆಂದರೆ ದಾರಿ ಹೇಳಿದನೆಂದೇ ಲೆಕ್ಕ. ನಿಂಗರಾಜ ಅದನ್ನು ಹಿಂದೆ ಒಂದೆರಡು ಸಲ, ಕಬ್ಬು ನಿಜವಾಗಿ ಹಾಳಾಗುತ್ತಿದ್ದಾಗ, ಟೋಳಿ ಕೈಯಲ್ಲಿಟ್ಟುಕೊಂಡು ಹೇಳಿದ್ದ. ನಿನ್ನೆ ಕೈಯಲ್ಲಿ ಟೋಳಿ ಇರಲಿಲ್ಲ. ಎಲ್ಲ ಟೋಳಿಗಳೂ ಕಿತ್ತೂರಿನ ಕಡೆ ಇಳಿದಿದ್ದವು, ಮುಂದಿನ ವಾರದ ಕೊನೆಯವರೆಗೆ ಒಂದೂ ಖಾಲಿಯಾಗುತ್ತಿರಲಿಲ್ಲ. ಸೋಮವಾರ ಎಂಬ ಶಬ್ದ ಯಾಕೆ ಬಾಯಿಗೆ ಬಂತು? ನಗುತ್ತಿದ್ದ ಬಾಯಿಗಳು ಮುಚ್ಚಬೇಕಿತ್ತು, ಅದಕ್ಕೆ ಬಂತು. ಮುಚ್ಚಿದವು. ಯಲ್ಲಾಪುರದ ಘಟ್ಟ ಇಳಿಯುವವರೆಗೂ ಅವನಿಗೆ ಆ ಮುಚ್ಚಿದ ಬಾಯಿಗಳ ಸುಖವಿತ್ತು.

ಮಧ್ಯಾಹ್ನದ ಹೊತ್ತಿಗೆ ಫೋನ್ ನಡುಗಿತು. ಬಸವಣ್ಣೆಪ್ಪ. ನಿಂಗರಾಜ ಫೋನನ್ನು ಚಾಪೆಯ ಮೇಲೆ ಕವುಚಿ ಇಟ್ಟ. ಅದು ಚಾಪೆಯ ಮೇಲೆ ಜೀರುಂಡೆಯಂತೆ ಸದ್ದು ಮಾಡುತ್ತ ಸ್ವಲ್ಪ ಸರಿಯಿತು. ನಿಂತಿತು. ಮತ್ತೆ ನಡುಗಿತು. ಪಕ್ಕದ ಚಾಪೆಯ ಹುಡುಗಿ ಕಪ್ಪು ಕನ್ನಡಕ ಎತ್ತಿ ನೋಡಿದಳು. ಆಮೇಲೆ ವಾಟ್ಸಾಪಿನಲ್ಲಿ ಧ್ವನಿ ಬಂತು. ಬಸವಣ್ಣೆಪ್ಪನಿಗೆ ಅಕ್ಷರ ಒತ್ತುವುದು ಬೇಸರ, ಯಾವಾಗಲೂ ಮಾತಾಡಿಯೇ ಕಳಿಸುತ್ತಿದ್ದ. ಕೇಳಬಾರದೆಂದುಕೊಂಡು ನಿಂಗರಾಜ ಒತ್ತಿದ. ಫೋನನ್ನು ಕಿವಿಗೆ ಹಿಡಿಯುವಷ್ಟರಲ್ಲಿ ಅದು ಗಟ್ಟಿಯಾಗಿ ಶುರುವಾಗಿಬಿಟ್ಟಿತ್ತು.

"ಸಾಹೇಬ್ರ, ನಮಸ್ಕಾರ್ರಿ. ಸಮುದ್ರ ತಣ್ಣಗ ಐತೇನ್ರಿ? ಫೋನ್ ಎತ್ತವಲ್ರಿ. ನೀವು ಹೇಳಿದಂಗ ಇವತ್ತ ಸಂಜಿಮುಂದ, ಗಾಳಿ ಇಳದ ಮ್ಯಾಲ ಮಾಡೂದಂತ ಮಾಡೇನಿ. ಸೋಮವಾರದ್ದು ಪಕ್ಕಾ ಐತಲ್ರಿ? ಬ್ಯಾಡ ಅನ್ನೂದಿದ್ರ ಒಂದು ಮಾತು ಹೇಳ್ರಿ. ಇಲ್ಲಂದ್ರ..."

ಹುಡುಗಿ ಈಗ ಪೂರ್ತಿ ತಿರುಗಿ ನೋಡುತ್ತಿದ್ದಳು. ಅವನು ಧ್ವನಿಯನ್ನು ಅಲ್ಲಿಗೇ ನಿಲ್ಲಿಸಿದ. ಮುಂದೆ ಏನಿದ್ದೀತೆಂದು ಅವನಿಗೆ ಗೊತ್ತಿತ್ತು. ಇಲ್ಲಂದ್ರ ಒಪ್ಪಿದಂಗ ಎಂದು. ಒಂದು ಮಾತು ಸಾಕಿತ್ತು. ಬ್ಯಾಡ. ಆದರೆ ಬೇಡ ಎಂದರೆ ಯಾಕೆ ಎಂದು ಕೇಳುತ್ತಾನೆ. ಸೋಮವಾರ ಟೋಳಿ ಇಲ್ಲ ಎನ್ನಬೇಕಾಗುತ್ತದೆ. ಹಂಗಾರ ನಿನ್ನೆ ಯಾಕ ಅಂದ್ರಿ ಎನ್ನುತ್ತಾನೆ, ಇನ್ನೊಂದು ಮದುವೆಯ ಪಂಕ್ತಿಯಲ್ಲಿ ಹೇಳಿ ನಗಿಸುತ್ತಾನೆ. ಬೇಡ ಎಂದು ಬರೆದು ಕಳಿಸಿದರೆ, ಬೇಡ ಎನ್ನುವುದಕ್ಕೆ ಮೊದಲು ಬೇಕು ಎಂದಿದ್ದ ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ. ಹೀಗೆ ಒಂದೊಂದೇ ಕಾರಣ ಬಂದು ಕುಳಿತವು, ಎಲ್ಲವೂ ಸರಿಯಾದವೇ. ಅವನು ಫೋನನ್ನು ಬರ್ಮುಡಾದ ಜೇಬಿಗೆ ಹಾಕಿ ನೀರಿನ ಕಡೆ ನಡೆದ, ಅರ್ಧ ದಾರಿಯಲ್ಲಿ ನೆನಪಾಗಿ ಮರಳಿ ಬಂದು ಫೋನನ್ನು ಚೀಲದಲ್ಲಿಟ್ಟ. ನೀರು ಮೊಣಕಾಲಿಗೆ ಬಂದಾಗ ಹಿಂದೆ ನೋಡಿದ. ತೆಂಗಿನ ಮರದ ಕೆಳಗೆ ಮಂಕಾಳಿ ಎದ್ದು ನಿಂತಿದ್ದ. ನಿಂಗರಾಜ ಕೈಯೆತ್ತಿ ಏನೂ ಇಲ್ಲ ಎಂದು ಸನ್ನೆ ಮಾಡಿದ. ಮಂಕಾಳಿ ಕುಳಿತುಕೊಳ್ಳಲಿಲ್ಲ.

ಈಜು ಬರುತ್ತಿರಲಿಲ್ಲ. ಸೊಂಟದ ಮಟ್ಟಕ್ಕೆ ನಿಂತು ಅಲೆ ಬಂದಾಗ ಬೆನ್ನು ತಿರುಗಿಸುವುದನ್ನು ಬೇರೆಯವರನ್ನು ನೋಡಿ ಕಲಿತ. ಅಲೆ ಬೆನ್ನಿಗೆ ಹೊಡೆದು ದಾಟಿ ಹೋಗುತ್ತಿತ್ತು. ಕಾಲಿನ ಕೆಳಗಿನ ಮರಳು ಸರಿದು ಹಿಮ್ಮಡಿ ಇಳಿಯುತ್ತಿತ್ತು. ಗಾಳಿ ಸಮುದ್ರದ ಕಡೆಯಿಂದ, ಅಂದರೆ ಪಶ್ಚಿಮದಿಂದ ಬರುತ್ತಿತ್ತು. ಊರಲ್ಲಿ ಈಗ ಮೂಡಗಾಳಿ. ಪುಷ್ಯಮಾಸದಲ್ಲಿ ಹಗಲೆಲ್ಲ ಮೂಡಲಿಂದ ಒಣ ಗಾಳಿ ಬೀಸಿ ಸಂಜೆ ಇಳಿಯುತ್ತದೆ. ಕೆಲವು ಸಂಜೆ ಇಳಿಯುವುದಿಲ್ಲ. ಬಸವಣ್ಣೆಪ್ಪನ ಹೊಲದ ಪಡುವಲ ಬದುವಿಗೆ ತಾಗಿ ಇರುವುದು ಸುಂದರವ್ವನ ಕಬ್ಬು. ಅವನಿಗೆ ಆ ಹೊಲ ಕಣ್ಣಿಗೆ ಕಟ್ಟಿದಂತಿತ್ತು. ಗಂಡ ಸತ್ತ ಮೇಲೆ ಆಕೆಯೇ ಕೂಲಿಯವರ ಜೊತೆ ಸಾಲು ಹಿಡಿದು ಬೀಜ ಊರಿಸಿದ್ದು, ಬೋರ್‌ವೆಲ್ ಮೋಟರು ಸುಟ್ಟಿದ್ದರಿಂದ ನಾಟಿ ತಡವಾದದ್ದು. ನಾಟಿಯ ತಾರೀಖು ಬರೆದುಕೊಳ್ಳಲು ಹೋದಾಗ ಆಕೆ ತಾಮ್ರದ ತಂಬಿಗೆಯಲ್ಲಿ ಮಜ್ಜಿಗೆ ಕೊಟ್ಟು, "ತಡಾ ಆತಂತ ನನ್ನ ಹಿಂದ ಹಾಕಬ್ಯಾಡ್ರಿ ಸಾಹೇಬ್ರ" ಎಂದಿದ್ದಳು. ಎಳೆಯ ಕಬ್ಬು ಅದು. ಹದಕ್ಕೆ ಬರಲು ಇನ್ನೂ ಬೇಸಿಗೆ ಹತ್ತಬೇಕು. ಬದುವಿನ ಮೇಲೆ ಕಬ್ಬಿನ ಒಣ ಎಲೆ, ರವದಿ, ಬಿದ್ದಿರುತ್ತದೆ. ಬಸವಣ್ಣೆಪ್ಪ ಹುಷಾರಿನ ಮನುಷ್ಯ, ಬದುವು ಸ್ವಚ್ಛ ಮಾಡಿಸಿಯೇ ಹಚ್ಚುತ್ತಾನೆ. ಮಾಡಿಸುತ್ತಾನೆ. ಒಂದು ದೊಡ್ಡ ಅಲೆ ಬೆನ್ನು ತಿರುಗಿಸುವ ಮೊದಲೇ ಬಂದು ಅವನನ್ನು ಕೆಡವಿತು. ಬಾಯಿ, ಮೂಗು ಉಪ್ಪಾಯಿತು. ತಲೆ ಎತ್ತಿದಾಗ ಮಂಕಾಳಿ ನೀರಿನ ಅಂಚಿಗೆ ಬಂದು ನಿಂತಿದ್ದ.

"ಸಾಕು, ಬನ್ನಿ ಮೇಲೆ" ಎಂದ ಮಂಕಾಳಿ. "ನಿಮ್ಮ ಹೆಂಡ್ತಿ ಹೇಳಿದ್ದು ಸುಳ್ಳಾಗ್ಬಾರ್ದು."

"ನಾ ಏನ್ ಮಾಡಿದ್ನಿರಿ? ನೀರಾಗ ನಿಂತಿದ್ನಿ ಅಷ್ಟ."

"ನಿಲ್ಲೂದು ಅಡ್ಡಿ ಇಲ್ಲ. ಎಲ್ರೂ ಅಲೆ ನೋಡ್ತಾ ನಿಲ್ತಾರೆ. ನೀವು ಬೇರೆ ಎಂತದೋ ನೋಡ್ತಿದ್ರಿ. ಅದಕ್ಕೆ ಬಿದ್ರಿ."

ಊಟಕ್ಕೆ ಮಂಕಾಳಿ ಅನ್ನ, ಬಸಳೆ ಹುಳಿ, ಹಪ್ಪಳ ಕೊಟ್ಟ. ಮೀನು ತಿನ್ನದವನೆಂದು ತಿಳಿದು ಮೇಜನ್ನೇ ಬೇರೆ ಹಾಕಿಸಿದ. ಉಪ್ಪು ನಿಜವಾಗಿ ಕಡಿಮೆ ಇತ್ತು. ಕೇಳಲು ನಾಚಿಕೆಯಾಗಿ ನಿಂಗರಾಜ ಹಾಗೆಯೇ ಉಂಡ. ಉಂಡ ಮೇಲೆ ಗುಡಿಸಲಲ್ಲಿ ಮಲಗಿದ. ಇದಕ್ಕೇ ಬಂದದ್ದು. ಸೊಳ್ಳೆ ಪರದೆಯ ಬಿಳಿ ಗೋಡೆಯೊಳಗೆ ಯಾರೂ ಬರುವಂತಿಲ್ಲ. ಸಮುದ್ರದ ಸದ್ದು ದೂರದಲ್ಲಿ ಯಾರೋ ಬೆಲ್ಲದ ಕೊಪ್ಪರಿಗೆಯನ್ನು ಒಂದೇ ಸಮನೆ ತಿರುವುತ್ತಿರುವಂತಿತ್ತು. ನಿದ್ದೆ ಬರಲಿಲ್ಲ. ಬಂದಾಗ ಕಾರ್ಖಾನೆಯ ತೂಕದ ಮನೆಯ ಎದುರು ಟ್ರ್ಯಾಕ್ಟರುಗಳ ಸಾಲು ಕಂಡಿತು. ಎಲ್ಲ ಟ್ರ್ಯಾಕ್ಟರುಗಳಲ್ಲಿ ಕಪ್ಪು ಕಬ್ಬು, ಎಲ್ಲರೂ ಅವನನ್ನು ನೋಡಿ ನಕ್ಕು, ಇರ್ಲಿ ಬಿಡ್ರಿ ಎನ್ನುತ್ತಿದ್ದರು. ಎಚ್ಚರವಾಗಿ ಕುಳಿತ. ಸುನೀಲನಿಗೆ ಫೋನ್ ಮಾಡಿದರೆ ಹೇಗೆ ಎನ್ನಿಸಿತು. ಎರಡು ದಿನ ಇವನ ಕೆಲಸ ನೋಡಿಕೊಳ್ಳುತ್ತಿದ್ದವನು ಸುನೀಲ. ಬಸವಣ್ಣೆಪ್ಪನ ಹೊಲದ ಕಡೆ ಒಮ್ಮೆ ಹೋಗಿ ಬಾ ಎಂದರೆ ಸಾಕು. ಮಾಡಿಯೂ ಮಾಡಿದ.

"ಅಣ್ಣಾ, ನೀವು ರಜಾದಾಗ ಅದೀರಿ" ಎಂದ ಸುನೀಲ. "ಸಮುದ್ರ ನೋಡ್ರಿ. ಫೋಟೋ ಕಳಸ್ರಿ."

"ಆ ಬಸವಣ್ಣೆಪ್ಪನ ಹೊಲದ ಕಡೆ ಏನರ ಹೋಗಿದ್ದೇನು?"

"ಯಾಕ್ರಿ? ಏನರ ಐತೇನು?"

ಐತಿ ಎನ್ನಲು ಬಾಯಿ ತೆರೆದ. ಸುನೀಲ ಒಳ್ಳೆಯ ಹುಡುಗ, ಆದರೆ ನಾಳೆ ಬೆಳಿಗ್ಗೆ ಆಫೀಸಿನ ಚಹಾದ ಹೊತ್ತಿಗೆ ಇದು ಎಲ್ಲರ ಬಾಯಲ್ಲಿರುತ್ತದೆ. "ಏನಿಲ್ಲ. ಹಿಂಗ ಕೇಳಿದ್ನಿ" ಎಂದು ಇಟ್ಟುಬಿಟ್ಟ. ಆ ಮೇಲೆ, ಫೋಟೋ ಕೇಳಿದ್ದಾನಲ್ಲ ಎಂದು, ಬಾಗಿಲಿನಿಂದ ಕಾಣುವ ಸಮುದ್ರದ ಒಂದು ಚಿತ್ರ ತೆಗೆದು ಕಳಿಸಿದ. ಕಳಿಸಿದ ಕ್ಷಣವೇ ತಾನು ಎಂಥವನೆಂದು ಅವನಿಗೆ ಸ್ಪಷ್ಟವಾಗಿ ಕಂಡಿತು. ಕಂಡದ್ದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಸುನೀಲ ಹೆಬ್ಬೆರಳು ಎತ್ತಿದ ಗುರುತು ಕಳಿಸಿದ.

ಸಂಜೆ ಜನ ಚಾಪೆ ಮಡಚಿ ಸೂರ್ಯ ಮುಳುಗುವುದನ್ನು ನೋಡಲು ಎದ್ದು ನಿಂತರು. ಎಲ್ಲರೂ ಒಂದೇ ಕಡೆ ಮುಖ ಮಾಡಿದ್ದರು. ನಿಂಗರಾಜ ಅವರ ಹಿಂದೆ ನಿಂತ. ಸಮುದ್ರದ ಗಾಳಿ ನಿಂತುಹೋಗಿತ್ತು. ತೆಂಗಿನ ಗರಿಗಳು ಒಂದೂ ಅಲುಗುತ್ತಿರಲಿಲ್ಲ. ಮಂಕಾಳಿ ಅಂಗಳದ ಒಣ ಎಲೆ ಗುಡಿಸಿ ಒಟ್ಟಿ ಕಡ್ಡಿ ಗೀರಿದ. ಹೊಗೆ ಸುಮ್ಮನೆ ನೆಟ್ಟಗೆ ಮೇಲೆ ಹೋಯಿತು. ರವದಿಯ ಹೊಗೆಗೆ ಸಿಹಿ ವಾಸನೆ ಇರುತ್ತದೆ, ಬೆಲ್ಲ ಸೀದಂತೆ. ಇದರಲ್ಲಿ ಅದಿರಲಿಲ್ಲ. ಆದರೂ ಅವನು ಹೊಗೆಯಿಂದ ಕಣ್ಣು ತೆಗೆಯಲಿಲ್ಲ. ಇಲ್ಲಿ ಇಳಿದ ಸೂರ್ಯ ಅಲ್ಲಿಯೂ ಇದೇ ಹೊತ್ತಿಗೆ ಇಳಿಯುತ್ತಾನೆ. ಅವನು ಫೋನ್ ತೆಗೆದು, ಮಧ್ಯಾಹ್ನ ಅರ್ಧಕ್ಕೆ ನಿಲ್ಲಿಸಿದ್ದ ಧ್ವನಿಯನ್ನು ಅಲ್ಲಿಂದಲೇ ಒತ್ತಿ ಕಿವಿಗೆ ಹಿಡಿದ.

"...ಇಲ್ಲಂದ್ರ ನೀವು ಒಪ್ಪಿದಂಗ ಅಂತ ತಿಳೀತೇನಿ. ಮತ್ತ ಇನ್ನೊಂದ್ರಿ. ಬಾಜೂಕ ಸುಂದರವ್ವಂದೂ ಐತಲ್ರಿ, ಆಕೀಗೂ ಹೇಳೇನಿ. ನನ್ನ ಹೊಲದಾಗಿಂದನ ಆಕಿ ಟ್ರ್ಯಾಕ್ಟರ್ ಬರಬೇಕು, ಆಕೀಗೆ ಬ್ಯಾರೆ ದಾರಿ ಇಲ್ಲ. ನಾ ಕಡಿಸಿ ನೆಲಾ ಗಳೇ ಹೊಡದ್ನೆಂದ್ರ ಮುಂದ ಆಕೀಗೆ ತ್ರಾಸ. ಎರಡಕ್ಕೂ ಕೂಡೇ ಹಚ್ಚಿದ್ರ ಒಂದ ಟೋಳಿ ಎರಡೂ ಮುಗಸ್ತೈತಿ. ಆಕಿ ಮೊದಲ ಹೂಂ ಅನ್ನಲಿಲ್ರಿ. ಇದು ಫೀಲ್ಡ್‌ಮನ್ ಸಾಹೇಬ್ರ ಬಾಯಿಲೆ ಬಂದ ಮಾತು ಅಂದ ಮ್ಯಾಲ ಒಪ್ಪಿದ್ಳು. ನಿಮ್ಮ ಮ್ಯಾಲ ಭಾಳ ವಿಶ್ವಾಸ ಐತಿ ಆಕೀಗೆ."

ಮಧ್ಯಾಹ್ನದಿಂದ ಅವನು ಅಂಜಿದ್ದು ಬೆಂಕಿ ಬದು ದಾಟೀತೆಂದು. ದಾಟಬೇಕಾಗಿಯೇ ಇರಲಿಲ್ಲ. ಆಕೆ ತಾನೇ ಹಚ್ಚುತ್ತಾಳೆ. ಎಳೆಯ ಕಬ್ಬನ್ನು ಕಾರ್ಖಾನೆ ಹಸಿಯಾಗಿಯೂ ತೆಗೆದುಕೊಳ್ಳುವುದಿಲ್ಲ, ಸುಟ್ಟೂ ತೆಗೆದುಕೊಳ್ಳುವುದಿಲ್ಲ. ಆಮೇಲೆ ಅದು ಮೇವಿಗೂ ಬರುವುದಿಲ್ಲ. ಬಸವಣ್ಣೆಪ್ಪನಿಗೆ ಕರೆ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಸುಂದರವ್ವನ ನಂಬರು ಇತ್ತು, ನಾಟಿಯ ದಿನ ಬರೆದುಕೊಂಡದ್ದು. ಅದಕ್ಕೆ ಅವನು ಈವರೆಗೆ ಒಮ್ಮೆಯೂ ಕರೆ ಮಾಡಿರಲಿಲ್ಲ.

"ಯಾರ್ರಿ?"

"ಸುಂದರವ್ವಾರ, ನಾನ್ರಿ, ನಿಂಗರಾಜ. ಫೀಲ್ಡ್‌ಮನ್."

"ಅಯ್ಯ, ಸಾಹೇಬ್ರಾ. ಬರೋಬ್ಬರಿ ಹೊತ್ತಿಗೆ ಮಾಡೀರಿ ನೋಡ್ರಿ. ಈಗ ಬಸವಣ್ಣೆಪ್ಪಂದು ಹಚ್ಚ್ಯಾರ. ಅದು ಇಳದ ಮ್ಯಾಲ ನಂದು ಹಚ್ಚೂದಂತ. ಸದ್ದು ಕೇಳಾಕತ್ತೈತೇನ್ರಿ?"

ಕೇಳುತ್ತಿತ್ತು. ಹುರಿಯುವ ಕಡಲೆ ಸಿಡಿದಂತೆ ಶುರುವಾಗಿ, ನಡುವೆ ಕಬ್ಬಿನ ಗಣಿಕೆ ಒಡೆದ ದೊಡ್ಡ ಸದ್ದು. ಹಿಂದೆ ಗಂಡಸರ ಮಾತು, ಯಾರದೋ ಕೆಮ್ಮು.

"ನಿಮ್ಮದಕ್ಕ ಹಚ್ಚಬ್ಯಾಡ್ರಿ" ಎಂದ.

"ಯಾಕ್ರಿ?"

"ನಿಮ್ಮದು ಎಳೀದು ಐತಿ. ಕಾರ್ಖಾನಿ ತೊಗೊಳ್ಳೂದಿಲ್ಲ. ಸುಟ್ಟರೂ ತೊಗೊಳ್ಳೂದಿಲ್ಲ."

"ನೀವ ಅಂದೀರಂತಲ್ಲ, ಸುಟ್ಟದ್ದಕ್ಕ ಪಾಳಿ ಇಲ್ಲಂತ. ಸೋಮವಾರ ಟೋಳಿ ಬರ್ತೈತಂತ."

"ಸೋಮವಾರ ಟೋಳಿ ಇಲ್ರಿ."

"ಇಲ್ಲಂದ್ರ? ಮಂಗಳವಾರ?"

"ಮೊದಲಿಂದಲೂ ಇರಲಿಲ್ಲ. ನಾ ಸುಳ್ಳ ಹೇಳೇನಿ."

ಯಾಕೆ ಎಂದು ಆಕೆ ಕೇಳುತ್ತಾಳೆಂದು ನಿಂಗರಾಜ ಕಾದ. ಚಹಾದಂಗಡಿ, ಬೆಂಚಿನ ಮೇಲಿನವರ ನಗೆ, ಹೋಳಿಗೆ. ಇವನ್ನೆಲ್ಲ ಹೇಳಲು ಅವನು ತಯಾರಾಗುತ್ತಿದ್ದ. ಆಕೆ ಕೇಳಲಿಲ್ಲ.

"ಸಾಹೇಬ್ರ, ಇದನ್ನ ನನಗೊಬ್ಬಾಕಿಗೆ ಹೇಳಿದ್ರ ನಡಿಯೂದಿಲ್ಲ. ಇಲ್ಲಿ ಗಂಡಸರೆಲ್ಲಾ ಪಂಜು ಹಿಡಕೊಂಡು ನಿಂತಾರ. ನಾ ಬ್ಯಾಡ ಅಂದ್ರ, ಹೆಂಗಸು ಅಂಜಿದ್ಳು ಅಂತಾರ, ಹಚ್ಚೇ ಬಿಡ್ತಾರ. ಸ್ಪೀಕರ್ ಹಚ್ಚೇನಿ. ಎಲ್ಲಾರಿಗೂ ಕೇಳೂವಂಗ ನೀವ ಹೇಳ್ರಿ."

ಆಕೆ ಯಾರನ್ನೋ ಕರೆದಳು. ಹೆಜ್ಜೆಗಳು ಹತ್ತಿರ ಬಂದವು. ಬಸವಣ್ಣೆಪ್ಪನ ಧ್ವನಿ, "ಏನಂತ ಸಾಹೇಬ್ರದು?" ಎಂದಿತು. ನಿಂಗರಾಜ ಸುತ್ತ ನೋಡಿದ. ಸೂರ್ಯನನ್ನು ನೋಡುತ್ತಿದ್ದ ಸಾಲು ಅವನ ಮುಂದೆಯೇ ಇತ್ತು. ಮಂಕಾಳಿ ಬೆಂಕಿಯ ಬದಿಗೆ ಕೋಲು ಹಿಡಿದು ನಿಂತಿದ್ದ. ಮೆಲ್ಲಗೆ ಹೇಳಿದರೆ ಅಲ್ಲಿ ಕೇಳಿಸುವಂತಿರಲಿಲ್ಲ. ಅವನು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ.

"ನಾನು ನಿಂಗರಾಜ ಮಾತಾಡಾಕತ್ತೇನಿ. ಸೋಮವಾರ ಟೋಳಿ ಇಲ್ಲ. ಹೋದ ಶುಕ್ರವಾರ ನಾ ಹೇಳಿದ್ದು ಸುಳ್ಳು. ಸುಂದರವ್ವನ ಕಬ್ಬಿಗೆ ಯಾರೂ ಹಚ್ಚಬ್ಯಾಡ್ರಿ."

ಸೂರ್ಯನ ಕಡೆ ಮುಖ ಮಾಡಿದ್ದವರಲ್ಲಿ ಹತ್ತಾರು ಜನ ಇತ್ತ ತಿರುಗಿದರು. ನಿನ್ನೆಯದನ್ನು ಹೋದ ಶುಕ್ರವಾರ ಎಂದಿದ್ದೇನೆ ಎಂಬುದು ಅವನಿಗೆ ಆಗ ಹೊಳೆಯಿತು. ಫೋನಿನಲ್ಲಿ ಬಸವಣ್ಣೆಪ್ಪ, ತನ್ನ ಸುತ್ತಲಿನವರಿಗೆ ಹೇಳುವಂತೆ, ನಿಧಾನವಾಗಿ ಹೇಳಿದ. "ಸಾಹೇಬ್ರು ಸಮುದ್ರದ ದಂಡಿ ಮ್ಯಾಲ ಅದಾರು. ಅಲ್ಲಿ ಸದ್ದು ಭಾಳ. ಮಾತು ಸರಿ ಕೇಳ್ಸೂದಿಲ್ಲ." ಅವನ ಕಬ್ಬು ಉರಿಯುತ್ತಿತ್ತು. ಯಾರಾದರೂ ನಗಬಹುದೆಂದು ಅವನು ಕಾದಂತಿತ್ತು. ಯಾರೂ ನಗಲಿಲ್ಲ.

"ನನಗ ಕೇಳಿಸ್ತು" ಎಂದಳು ಸುಂದರವ್ವ. ಆ ಮೇಲೆ ಆಕೆಯ ಧ್ವನಿ ದೂರ ಸರಿದು ದೊಡ್ಡದಾಯಿತು. "ಮಾಂತೇಶಾ, ಆ ಪಂಜು ಆರಿಸೋ. ಮಣ್ಣಾಗ ತುರುಕು. ಮೋಟರ ಚಾಲೂ ಮಾಡ್ರಿ, ಬದುವಿಗುಂಟ ನೀರ ಬಿಡ್ರಿ." ಕರೆಂಟ್ ಇಲ್ಲ, ತ್ರೀ ಫೇಸ್ ಕತ್ತಲಾದ ಮ್ಯಾಲ ಬರ್ತೈತಿ ಎಂದರು ಯಾರೋ. "ಬರೂತನಕ ಬೇವಿನ ತಪ್ಪಲ ಮುರದು ಬಡೀರಿ. ಬದುವಿನ ಮ್ಯಾಲಿನ ರವದಿ ಎಳೀರಿ ಮೊದಲ. ಗಾಳಿ ಎದ್ದೈತಿ, ನೋಡವಲ್ರೇನು?"

ನಿಂಗರಾಜ ಫೋನ್ ಇಡಬೇಕೋ ಬೇಡವೋ ತಿಳಿಯದೆ ನಿಂತ. ಆಕೆಯ ಧ್ವನಿ ಮತ್ತೆ ಹತ್ತಿರ ಬಂತು, ಉಸಿರು ಏರಿತ್ತು. "ಸಾಹೇಬ್ರ, ಫೋನ್ ಇಡಬ್ಯಾಡ್ರಿ. ಹಂಗ ಇರ್ರಿ. ಇನ್ನೊಬ್ಬರು ಬಂದು ಸಾಹೇಬ್ರು ಹೂಂ ಅಂದಾರ ಅಂದ್ರ, ಅವ್ರಿಗೂ ನೀವ ಹೇಳಬೇಕು. ಇಲ್ಲೇ ಕಲ್ಲಿನ ಮ್ಯಾಲ ಇಟ್ಟಿರ್ತೇನಿ."

ಫೋನು ಕಲ್ಲಿಗೆ ತಾಗಿದ ಸದ್ದಾಯಿತು. ಅಲ್ಲಿಂದ ಮುಂದೆ ಅವನಿಗಾಗಿ ಯಾರೂ ಮಾತಾಡಲಿಲ್ಲ. ಹಸಿ ತಪ್ಪಲು ನೆಲಕ್ಕೆ ಬಡಿಯುವ ಸದ್ದು, ಓಡುವ ಕಾಲುಗಳು, ಕೆಮ್ಮು, ಆ ಕಡೆ ಕಿಡಿ ಹಾರೈತಿ, ಆ ಕಡೆ ಎಂಬ ಕೂಗು, ಯಾರ ಕಡೆ ಎಂದು ತಿಳಿಯುವ ಮೊದಲೇ ಇನ್ನೊಂದು ಕೂಗು. ದಂಡೆಯ ಮೇಲೆ ಜನ ಸೂರ್ಯನಿಗೆ ಚಪ್ಪಾಳೆ ತಟ್ಟಿ ಚದುರಿದರು. ಮಂಕಾಳಿ ಕೋಲು ಬಿಟ್ಟು ಅವನತ್ತ ಬಂದ, ಅವನ ಮುಖ ನೋಡಿ ಏನೂ ಕೇಳದೆ ಒಂದು ಕುರ್ಚಿ ತಂದು ಹಿಂದೆ ಇಟ್ಟು ಹೋದ. ನಿಂಗರಾಜ ಕೂರಲಿಲ್ಲ. ಉಬ್ಬರ ಏರುತ್ತಿತ್ತು. ಅಲೆಗಳ ಮೊರೆತದಲ್ಲಿ ಅಲ್ಲಿಯ ಸದ್ದು ಮುಳುಗಿ ಮುಳುಗಿ ಏಳುತ್ತಿತ್ತು. ಅವನು ಸಮುದ್ರಕ್ಕೆ ಬೆನ್ನು ಹಾಕಿ, ಫೋನನ್ನು ಬಲಗಿವಿಗೆ ಒತ್ತಿಕೊಂಡು, ಎಡಗಿವಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿಕೊಂಡ.